ಮೂರನೆಯ ಪೈಪು

"ಗುರುಗಳೇ, ನೆನಪನ್ನು ಮುಚ್ಚುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನು ಮಠಕ್ಕೆ ಬಂದು ವರ್ಷ ತುಂಬುತ್ತ ಬಂದಿತ್ತು. ಅಂಗಳ ಗುಡಿಸುತ್ತಿದ್ದ, ನೀರು ತರುತ್ತಿದ್ದ, ಹೇಳಿಕೊಟ್ಟ ಪಾಠವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಕಣ್ಣು ಮುಚ್ಚಿ ಕುಳಿತಾಗ ಮಾತ್ರ ಬಿಟ್ಟು ಬಂದ ಮನೆ ಎದ್ದು ಬರುತ್ತಿತ್ತು. ಆ ಮನೆಯಲ್ಲಿ ಒಬ್ಬಳಿದ್ದಳು, ಈಗ ಇಲ್ಲ ಎಂದಷ್ಟೇ ಹೇಳಿದ. ಯಾರೆಂದು ಹೇಳಲಿಲ್ಲ. ಗುರುಗಳೂ ಕೇಳಲಿಲ್ಲ.

"ಮುಚ್ಚಿದವನೊಬ್ಬನ ಕತೆ ನನಗೆ ಗೊತ್ತು. ಕೂತುಕೋ," ಎಂದರು.

ಒಂದು ಊರಿನಲ್ಲಿ ಒಬ್ಬ ಕಾರಿನ ಚಾಲಕನಿದ್ದ. ಅವನ ಹೆಂಡತಿ ಬಳೆಗಾರ್ತಿ. ಅವನದು ಹಳೆಯ ಪೆಟ್ರೋಲ್ ಕಾರು. ಬಾಡಿಗೆಗೆ ಕರೆದವರನ್ನು ಕರೆದಲ್ಲಿಗೆ ಒಯ್ಯುತ್ತಿದ್ದ. ಸಂತೆಯ ದಿನ, ಮದುವೆಯ ಕಾಲದಲ್ಲಿ ಮಾತ್ರ ಯಾರು ಕರೆದರೂ ಹೋಗುತ್ತಿರಲಿಲ್ಲ. ಆಗ ಕಾರು ಹೆಂಡತಿಯದು. ಬಳೆಯ ಪೆಟ್ಟಿಗೆಗಳನ್ನು ಡಿಕ್ಕಿಯಲ್ಲಿ ಹುಲ್ಲು ಹಾಸಿ ಜೋಡಿಸುತ್ತಿದ್ದ. ಅವಳು ಮುಂದಿನ ಸೀಟಿನಲ್ಲಿ ಕುಳಿತು ಯಾವ ಊರು ಮೊದಲು, ಯಾವ ಮನೆ ಆಮೇಲೆ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು.

ಮದುವೆಯ ಮನೆ ಸೇರಿದರೆ ಅವಳಿಗೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಒಂದೊಂದು ಕೈಯನ್ನೂ ಹಿಡಿದು, ಗೆಣ್ಣು ನೀವಿ, ಮಾತಾಡಿಸಿ, ಹುಡುಗಿ ನಗುವ ಹೊತ್ತಿಗೆ ಬಳೆ ಏರಿಸಿಬಿಡುತ್ತಿದ್ದಳು. ಅಲ್ಲಿಯವರೆಗೂ ಅವನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿರುತ್ತಿದ್ದ. ಬೇಸರವಾಗುತ್ತಿರಲಿಲ್ಲ. ಒಳಗಿನಿಂದ ಬರುವ ನಗೆಯಲ್ಲಿ ಯಾವುದು ಅವಳದು ಎಂದು ಗುರುತಿಸುವುದೇ ಅವನಿಗೆ ಒಂದು ಕೆಲಸವಾಗಿತ್ತು.

ಆ ಕಾರಿನ ಟ್ಯಾಂಕು ಡಿಕ್ಕಿಯ ತಳದಲ್ಲೇ ಇತ್ತು. ಹಳೆಯ ಕಾಲದ ಟ್ಯಾಂಕು. ಅದರಿಂದ ಎಂಜಿನ್ನಿಗೆ ಹೋಗುವ ಪೈಪು ಒಂದೇ. ಉಸಿರಾಡಲು ಮುಚ್ಚಳದಲ್ಲಿ ಒಂದು ತೂತು. ಬಿಸಿಲೇರಿದರೆ ಆ ತೂತಿನಿಂದ ಪೆಟ್ರೋಲಿನ ವಾಸನೆ ಕಾರಿಗೆಲ್ಲ ಹರಡುತ್ತಿತ್ತು. ಹುಲ್ಲಿಗೆ ಅಂಟುತ್ತಿತ್ತು, ಬಳೆ ಸುತ್ತಿದ ಕಾಗದಕ್ಕೆ ಅಂಟುತ್ತಿತ್ತು, ಅವಳ ಸೀರೆಗೂ ಅಂಟುತ್ತಿತ್ತು. ಬಳೆ ತೊಟ್ಟವರು ಕೈ ಮೂಸಿ ಮೂಗು ಮುರಿದರೆ, "ಇದು ನಮ್ಮ ಮನೆಯ ಅತ್ತರು, ತಾಯಿ. ಬೇರೆ ಯಾರ ಬಳೆಗೂ ಸಿಗುವುದಿಲ್ಲ," ಎನ್ನುತ್ತಿದ್ದಳು. ಸುತ್ತಲಿನ ಹಳ್ಳಿಗಳಲ್ಲಿ ಆ ಮಾತು ಹಬ್ಬಿತು. ಪೆಟ್ರೋಲಿನ ವಾಸನೆ ಬಂದರೆ ಬಳೆಗಾರ್ತಿ ಬಂದಳು ಎಂದು ಹುಡುಗಿಯರು ಬೀದಿಗೆ ಓಡಿ ಬರುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಅವಳ ಮದುವೆ ಮಾಡಿ ಒಂದು ಊರಿಗೆ ಕೊಟ್ಟರು. ಮಗಳು ಗಂಡನ ಮನೆಗೆ ಹೋದ ಮರುವರ್ಷ ತಾಯಿಗೆ ಜ್ವರ ಬಂತು. ಬಂದ ಜ್ವರ ಅವಳನ್ನು ಕರೆದುಕೊಂಡೇ ಹೋಯಿತು.

ಚಾಲಕ ಎಲ್ಲರೆದುರು ಅಳಲಿಲ್ಲ. ದಿನಕರ್ಮ ಮುಗಿದ ಮೇಲೆ ಉಳಿದ ಬಳೆಗಳನ್ನು ಇನ್ನೊಬ್ಬ ಬಳೆಗಾರನಿಗೆ ಕೊಟ್ಟುಬಿಟ್ಟ. ಅವಳ ಮಾತು ತೆಗೆದವರೆದುರಿನಿಂದ ಎದ್ದು ಹೋದ. ಜನರಿಗೆ ಅರ್ಥವಾಯಿತು. ಅವನ ಮುಂದೆ ಅವಳ ಮಾತಾಡುವುದನ್ನು ಬಿಟ್ಟರು. ಮಗಳೂ ಬಿಟ್ಟಳು. ತವರಿಗೆ ಬಂದರೆ ತಂದೆಯೂ ಮಗಳೂ ಮಳೆಯ ಬಗ್ಗೆ, ದನದ ಬಗ್ಗೆ ಮಾತಾಡುತ್ತಿದ್ದರು. ಅವೆರಡೂ ಮುಗಿದರೆ ಸುಮ್ಮನೆ ಕೂತಿರುತ್ತಿದ್ದರು.

ಎಲ್ಲರ ಬಾಯಿ ಮುಚ್ಚಿಸಬಹುದಾಗಿತ್ತು. ಕಾರಿನ ಬಾಯಿ ಮುಚ್ಚಿಸಲು ಆಗಲಿಲ್ಲ. ಬಾಗಿಲು ತೆರೆದರೆ ಆ ವಾಸನೆ ಮೊದಲು ಎದುರು ಬರುತ್ತಿತ್ತು. ವಾಸನೆಯ ಹಿಂದೆಯೇ ಅವಳು ಬರುತ್ತಿದ್ದಳು. ಮುಂದಿನ ಸೀಟಿನ ಕಡೆ ತಿರುಗಿ ಯಾವ ಊರು ಎಂದು ಕೇಳಲು ಹೋಗಿ ಅವನು ಎಷ್ಟೋ ಸಲ ತಡೆದುಕೊಂಡ. ಒಂದು ಸಲ ಕೇಳಿಯೇಬಿಟ್ಟ. ಹಿಂದೆ ಕೂತಿದ್ದ ಪ್ರಯಾಣಿಕ ತನ್ನನ್ನೇ ಕೇಳಿದನೆಂದು ತಿಳಿದು ಊರಿನ ಹೆಸರು ಹೇಳಿದ.

ಅದಾದ ಕೆಲವು ತಿಂಗಳಿಗೆ ಎಂಜಿನ್ನು ಕೈ ಕೊಟ್ಟಿತು. ಹೊಗೆ ಕಾರತೊಡಗಿತು, ಏರು ಹತ್ತದಾಯಿತು. ಚಾಲಕ ಅದನ್ನು ಒಬ್ಬ ಮೇಸ್ತ್ರಿಯ ಗ್ಯಾರೇಜಿಗೆ ಒಯ್ದ. ಮೇಸ್ತ್ರಿ ಹಳೆಯ ಪರಿಚಯದವನು. ಈ ಎಂಜಿನ್ನಿನ ಕಾಲ ಮುಗಿಯಿತು, ಒಂದು ಹೊಸ ಮಾದರಿಯ ಎಂಜಿನ್ನು ನನ್ನ ಬಳಿ ಇದೆ, ಸ್ವಲ್ಪವೇ ಓಡಿದ್ದು, ಅದನ್ನು ಕೂರಿಸೋಣ ಎಂದ. ಚಾಲಕ ಒಪ್ಪಿದ. ಒಂದೇ ಒಂದು ಮಾತು ನಡೆಸಿಕೊಡಬೇಕು ಎಂದ. ಇನ್ನು ಮುಂದೆ ಈ ಕಾರಿನಲ್ಲಿ ಪೆಟ್ರೋಲಿನ ವಾಸನೆ ಬರಬಾರದು.

ಕಾರಣವನ್ನು ಅವನು ಹೇಳಲಿಲ್ಲ. ವಾಸನೆ ಬೇಡ ಎನ್ನುವುದು ಒಳ್ಳೆಯ ಮಾತೇ ಆದ್ದರಿಂದ ಮೇಸ್ತ್ರಿ ಕೆದಕಲಿಲ್ಲ.

ಹಳೆಯ ಎಂಜಿನ್ನಿಗೂ ಹೊಸದಕ್ಕೂ ಗುಣದಲ್ಲಿ ವ್ಯತ್ಯಾಸವಿತ್ತು. ಹಳೆಯದು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತಿತ್ತು. ಹೊಸದಕ್ಕೆ ಟ್ಯಾಂಕಿನ ಒಳಗಿನಿಂದಲೇ ಒಂದು ಪಂಪು ಪೆಟ್ರೋಲನ್ನು ಜೋರಾಗಿ ತಳ್ಳಬೇಕು. ಬೇಕಾದದ್ದಕ್ಕಿಂತ ಹೆಚ್ಚೇ ತಳ್ಳಬೇಕು. ಮಿಕ್ಕದ್ದು ಟ್ಯಾಂಕಿಗೆ ಮರಳಬೇಕು. ಮರಳಿ ಬರುವಾಗ ಅದು ಎಂಜಿನ್ನಿನ ಬಿಸಿಯನ್ನೂ ಹೊತ್ತು ತರುತ್ತದೆ. ಟ್ಯಾಂಕು ಬೆಚ್ಚಗಾಗುತ್ತದೆ, ಆವಿ ಏಳುತ್ತದೆ. ಆದ್ದರಿಂದ ಮೇಸ್ತ್ರಿ ಮೂರು ಪೈಪು ಎಳೆದ. ಒಂದು ಹೋಗಲು, ಒಂದು ಮರಳಲು, ಒಂದು ಆವಿಗೆ. ಮುಚ್ಚಳವನ್ನು ಬದಲಿಸಿ, ತೂತಿಲ್ಲದ ಬಿಗಿಯಾದ ಮುಚ್ಚಳ ಹಾಕಿದ. ಮೂರನೆಯ ಪೈಪನ್ನು ಮುಂದಕ್ಕೆ ತಂದು, ಎಂಜಿನ್ನಿನ ಪಕ್ಕದಲ್ಲಿ ಇದ್ದಿಲು ತುಂಬಿದ ಒಂದು ಡಬ್ಬಿಗೆ ಸೇರಿಸಿದ. ಕಾರು ನಿಂತಾಗ ಏಳುವ ಆವಿಯನ್ನು ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ. ಕಾರು ಓಡುವಾಗ ಎಂಜಿನ್ನು ಅದನ್ನು ಎಳೆದುಕೊಂಡು ಉರಿಸುತ್ತದೆ. ಟ್ಯಾಂಕಿಗೆ ಗಾಳಿ ಬೇಕಾದರೆ ಅದೂ ಅದೇ ದಾರಿಯಲ್ಲಿ ಹೋಗುತ್ತದೆ.

ಕೆಲಸ ಮುಗಿದ ಮೇಲೆ ಮೇಸ್ತ್ರಿ ಚಾಲಕನನ್ನು ಕರೆದು ಒಂದೊಂದನ್ನೂ ಕೈಯಿಟ್ಟು ತೋರಿಸಿದ.

"ಈ ಮೂರನೆಯದರಲ್ಲಿ ಏನೂ ಹರಿಯುವುದು ಕಾಣುವುದಿಲ್ಲ, ಅಣ್ಣಾ. ಆದರೂ ಇದನ್ನು ಮುಟ್ಟಬೇಡ," ಎಂದ.

ಚಾಲಕ ತಲೆಯಾಡಿಸಿದ. ಕಾರನ್ನು ಓಡಿಸಿಕೊಂಡು ಮನೆಗೆ ಬಂದ. ಎಂಜಿನ್ನು ಸದ್ದಿಲ್ಲದೆ ಓಡಿತು. ಹಿಂದೆ ಎರಡನೆಯ ಗೇರಿನಲ್ಲಿ ತಿಣುಕುತ್ತ ಹತ್ತುತ್ತಿದ್ದ ಏರನ್ನು ಏರೇ ಅಲ್ಲವೆಂಬಂತೆ ಹತ್ತಿತು. ಕಾರು ಹತ್ತಿದವರೆಲ್ಲ ಚೆನ್ನಾಗಿದೆ ಎಂದರು. ವಾಸನೆ ಬರುತ್ತದೆಯೇ ಎಂದು ಅವನು ಕೇಳಿದ. ಯಾರಿಗೂ ಬರುತ್ತಿರಲಿಲ್ಲ.

ಅವನಿಗೆ ಬರುತ್ತಿತ್ತು.

ಬಾಗಿಲು ತೆರೆದರೆ ಬರುತ್ತಿತ್ತು, ಸಂತೆಯ ದಾರಿ ಹಿಡಿದರೆ ಬರುತ್ತಿತ್ತು, ಬೀದಿಯಲ್ಲಿ ಹುಡುಗಿಯರು ನಕ್ಕರೆ ಬರುತ್ತಿತ್ತು. ಎಲ್ಲೋ ಸೋರುತ್ತಿದೆ ಎಂದು ಅವನು ಬಾನೆಟ್ಟು ಎತ್ತಿ ಹುಡುಕಿದ. ಹೋಗುವ ಪೈಪು ಒಣಗಿತ್ತು. ಮರಳುವ ಪೈಪು ಒಣಗಿತ್ತು. ಆವಿಯ ಪೈಪನ್ನು ಡಬ್ಬಿಯಿಂದ ಕಿತ್ತು ಮೂಸಿದ. ಅದರ ಬಾಯಲ್ಲಿ ವಾಸನೆ ಇತ್ತು. ಇರಲೇಬೇಕು, ಅದು ಇರುವುದೇ ಅದಕ್ಕೆ. ಅವನು ಹಾಗೆ ಯೋಚಿಸಲಿಲ್ಲ. ಕಳ್ಳ ಸಿಕ್ಕಿದ ಎಂದುಕೊಂಡ. ಬೇವಿನ ಕಡ್ಡಿಯೊಂದನ್ನು ಕೆತ್ತಿ ಪೈಪಿನ ಬಾಯಿಗೆ ಬಡಿದ. ಮೇಲೆ ತಂತಿ ಬಿಗಿದ. ಪೈಪನ್ನು ಮರೆಗೆ ಸರಿಸಿ ಬಾನೆಟ್ಟು ಇಳಿಸಿದ.

ಆಮೇಲೂ ವಾಸನೆ ಬಂತು. ಆಗ ಇದು ತನ್ನ ಭ್ರಮೆ ಎಂದು ಅವನಿಗೆ ಖಚಿತವಾಯಿತು. ಭ್ರಮೆಗೆ ಮದ್ದು ಸುಲಭ. ಬಂದದ್ದನ್ನು ಬಂದಿಲ್ಲ ಎಂದುಕೊಂಡರಾಯಿತು. ವಾಸನೆ ಬಂದಾಗಲೆಲ್ಲ ಅವನು ರಸ್ತೆಯನ್ನೇ ನೋಡತೊಡಗಿದ. ಕ್ರಮೇಣ ಅದು ರೂಢಿಯಾಯಿತು.

ಕಾರೂ ಆ ದಿನಗಳಲ್ಲಿ ತೊಂದರೆ ಕೊಡಲಿಲ್ಲ. ಅವನು ಹತ್ತಿರದ ಊರುಗಳಿಗಷ್ಟೇ ಹೋಗುತ್ತಿದ್ದ. ಆಗಾಗ ಸ್ವಲ್ಪ ಸ್ವಲ್ಪ ಪೆಟ್ರೋಲು ಹಾಕಿಸುತ್ತಿದ್ದ. ಮುಚ್ಚಳ ತೆರೆದಾಗ ಒಳಗಿನಿಂದ ಬುಸ್ ಎಂದು ಗಾಳಿ ಬರುತ್ತಿತ್ತು. ಹೊಸ ಮುಚ್ಚಳದ ಬಿಗಿ ಎಂದುಕೊಂಡ.

ಹೀಗಿರುವಾಗ ಮಗಳು ಬಸುರಿಯಾದಳು. ಕುಬುಸದ ಶಾಸ್ತ್ರಕ್ಕೆ ತವರಿಗೆ ಕರೆತರಬೇಕು. ಆ ದಿನ ಬಸುರಿಗೆ ಹಸಿರು ಸೀರೆ ಉಡಿಸಿ, ಕೈ ತುಂಬ ಹಸಿರು ಬಳೆ ತೊಡಿಸುತ್ತಾರೆ. ಹಿಂದೆಲ್ಲ ಆ ಶಾಸ್ತ್ರ ನಡೆಯುವ ಮನೆಗಳಿಗೆ ಅವನ ಹೆಂಡತಿ ಹೋಗುತ್ತಿದ್ದಳು. ಈಗ ಮಗಳ ಕೈಗೆ ಬಳೆ ತೊಡಿಸಲು ಬೇರೆ ಬಳೆಗಾರನನ್ನು ಕರೆಯಬೇಕಾಗಿತ್ತು. ಚಾಲಕ ಕರೆದು ಬಂದ. ಅದರ ಬಗ್ಗೆ ಏನೂ ಯೋಚಿಸಲಿಲ್ಲ. ಯೋಚಿಸದೆ ಇರುವುದು ಅವನಿಗೆ ಆಗ ಚೆನ್ನಾಗಿ ಬರುತ್ತಿತ್ತು.

ದೂರದ ದಾರಿಯೆಂದು ಟ್ಯಾಂಕನ್ನು ಕಂಠಮಟ್ಟ ತುಂಬಿಸಿದ. ಬೇಸಗೆಯ ದಿನ. ಮಗಳ ಊರು ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಬೀಗರು ಉಣ್ಣದೆ ಕಳಿಸಲಿಲ್ಲ. ಅವರು ಉಂಡು, ಎಲೆ ಅಡಿಕೆ ಹಾಕಿಕೊಂಡು, ಮಗಳಿಗೆ ಉಡಿ ತುಂಬಿ ಹೊರಡುವವರೆಗೂ ಕಾರು ಬಯಲಿನಲ್ಲಿ ಬೇಯುತ್ತಿತ್ತು. ಒಳಗೆ ಆವಿ ಎದ್ದಿತು. ಹೋಗಲು ದಾರಿ ಇರಲಿಲ್ಲ.

ಮಗಳು ಹಿಂದಿನ ಸೀಟಿನಲ್ಲಿ ಕುಳಿತಳು. ಊರು ದಾಟಿ ಬಯಲಿಗೆ ಬಂದರು. ರಸ್ತೆ ಕೆಟ್ಟಿತ್ತು. ಕುಲುಕಾಟಕ್ಕೆ ಅವಳಿಗೆ ತ್ರಾಸಾಗದಿರಲೆಂದು ಅವನು ನಿಧಾನವಾಗಿ ಓಡಿಸುತ್ತಿದ್ದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಪೆಟ್ರೋಲಿನ ವಾಸನೆ ಬಂತು. ಬಂದಿಲ್ಲ ಎಂದುಕೊಂಡ. ವಾಸನೆ ಹೆಚ್ಚಾಯಿತು. ಮಗಳು ಜೊತೆಗಿರುವುದರಿಂದ ಇವತ್ತು ಭ್ರಮೆಯೂ ಹೆಚ್ಚು ಎಂದುಕೊಂಡು ರಸ್ತೆಯನ್ನೇ ನೋಡಿದ.

ಹಿಂದಿನಿಂದ ಮಗಳು ಮೆಲ್ಲಗೆ ಹೇಳಿದಳು:

"ಅಪ್ಪಾ, ಅವ್ವನ ವಾಸನೆ ಬರುತ್ತಿದೆ."

ಅವನು ಗೇರು ಬದಲಿಸಿದ. ತಾಯಿಯ ಮಾತು ತೆಗೆದದ್ದಕ್ಕೆ ತಂದೆಗೆ ನೋವಾಯಿತೆಂದು ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಸುಮ್ಮನಾದಳು. ಅವಳು ಮೂಗು ಮುಚ್ಚಿದ್ದನ್ನು ಅವನು ಮುಂದಿನ ಕನ್ನಡಿಯಲ್ಲಿ ಕಂಡ. ಕಂಡ ಮೇಲೂ ಸ್ವಲ್ಪ ದೂರ ಓಡಿಸಿದ. ಆಮೇಲೆ ಅವನಿಗೆ ಹೊಳೆಯಿತು. ನನ್ನ ಭ್ರಮೆ ನನ್ನದು. ಅದು ಅವಳ ಮೂಗಿಗೆ ಹೇಗೆ ಬಂತು?

ಕಾರು ನಿಲ್ಲಿಸಿ ಎಂಜಿನ್ನು ಆರಿಸಿದ. ಮಗಳನ್ನು ಇಳಿಸಿ, ತೋಳು ಹಿಡಿದು, ದೂರದ ಜಾಲಿಮರದ ನೆರಳಿಗೆ ನಡೆಸಿ ಕೂರಿಸಿದ. ಮರಳಿ ಬಂದು ಡಿಕ್ಕಿ ತೆರೆದ. ಒಳಗಿನ ಒತ್ತಡಕ್ಕೆ ಆವಿಯ ಪೈಪು ಟ್ಯಾಂಕಿನ ಬಾಯಿಂದಲೇ ಕಳಚಿಕೊಂಡಿತ್ತು. ರಸ್ತೆಯ ಕುಲುಕಾಟಕ್ಕೆ ಪೆಟ್ರೋಲು ಅಲ್ಲಿಂದ ಉಕ್ಕಿ ಮಗಳ ಬಟ್ಟೆಯ ಗಂಟನ್ನು ತೋಯಿಸಿತ್ತು. ತಳದ ಸಂದಿನಿಂದ ಕೆಳಗೆ ತೊಟ್ಟಿಕ್ಕುತ್ತಿತ್ತು. ಅವನು ಬಗ್ಗಿ ನೋಡಿದ. ತೊಟ್ಟಿಕ್ಕುವಲ್ಲಿಗೆ ಒಂದು ಗೇಣು ದೂರದಲ್ಲಿ ಕಾದ ಸೈಲೆನ್ಸರು ಇತ್ತು.

ಅವನು ರಸ್ತೆಯಂಚಿನ ಮಣ್ಣನ್ನು ಬೊಗಸೆ ಬೊಗಸೆ ತಂದು ಕೆಳಗೆ ಸುರಿದ. ತೋಯ್ದ ಗಂಟನ್ನು ಎತ್ತಿ ಹೊಲದಾಚೆ ಒಯ್ದಿಟ್ಟ. ಆಮೇಲೆ ಜಾಲಿಮರದ ಕೆಳಗೆ ಬಂದು ಮಗಳ ಪಕ್ಕದಲ್ಲಿ ಕುಸಿದು ಕುಳಿತ. ಕೈಯೆಲ್ಲ ಮಣ್ಣಾಗಿತ್ತು. ಮಗಳು ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಹಿಡಿದುಕೊಂಡು, ಗೊತ್ತಿಲ್ಲದೆಯೇ, ಗೆಣ್ಣುಗಳನ್ನು ಒಂದೊಂದಾಗಿ ನೀವತೊಡಗಿದಳು. ಅವನು ಅದನ್ನು ನೋಡಿದ. ಕೈ ಬಿಡಿಸಿಕೊಳ್ಳಲಿಲ್ಲ.

ದಾರಿಯಲ್ಲಿ ಬಂದ ಒಬ್ಬ ಸವಾರನ ಹತ್ತಿರ ಮೇಸ್ತ್ರಿಗೆ ಹೇಳಿ ಕಳಿಸಿದರು. ಹೊತ್ತು ಇಳಿಯುತ್ತಿದ್ದಾಗ ಮೇಸ್ತ್ರಿ ಸ್ಕೂಟರಿನಲ್ಲಿ ಬಂದ. ಕಳಚಿದ ಪೈಪನ್ನು ನೋಡಿದ. ತನ್ನ ಕೆಲಸದಲ್ಲಿ ತಪ್ಪಾಯಿತೇ ಎಂದು ಅವನ ಮುಖ ಕಂದಿತು. ಬಾನೆಟ್ಟು ಎತ್ತಿ ಪೈಪಿನ ಇನ್ನೊಂದು ತುದಿಯನ್ನು ಹುಡುಕಿದ. ಬೇವಿನ ಕಡ್ಡಿಯೂ ತಂತಿಯೂ ಕಂಡವು. ಕಿತ್ತ ಕಡ್ಡಿಯನ್ನು ಕೈಯಲ್ಲಿ ಹಿಡಿದು ಮರದ ಕೆಳಗೆ ಬಂದ. ಇದನ್ನು ಯಾರು ಬಡಿದರು ಎಂದು ಕೇಳಿದ. ನಾನೇ ಎಂದು ಚಾಲಕ ಹೇಳಿದ. ಯಾಕೆ ಎಂದು ಕೇಳಿದ.

ಚಾಲಕ ಆ ಕಡ್ಡಿಯನ್ನು ಅವನ ಕೈಯಿಂದ ತೆಗೆದುಕೊಂಡ. ಮಗಳೂ ಅವನನ್ನೇ ನೋಡುತ್ತಿದ್ದಳು.

"ಅದು ಬಂದಾಗಲೆಲ್ಲ ಹಂಪವ್ವ ಬರುತ್ತಿದ್ದಳು," ಎಂದ.

ಹೆಂಡತಿ ಸತ್ತ ಮೇಲೆ ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಮೇಸ್ತ್ರಿಗೆ ಬೈಯಬೇಕೆನಿಸಿತ್ತು. ಬೈಯಲಿಲ್ಲ. ಮಣ್ಣಿನ ಮೇಲೆ ಅವರ ಎದುರಿಗೆ ಕುಳಿತ. ತನ್ನ ಮದುವೆಯಲ್ಲಿ ಮದುವಣಗಿತ್ತಿಗೆ ಬಳೆ ತೊಡಿಸಿದವಳು ಅವಳೇ ಎಂದು ಹೇಳಿದ. ಆ ದಿನ ತಾನು ಹೆಂಡತಿಯ ಕೈ ಮೂಸಿ ಗ್ಯಾರೇಜಿನ ಹುಡುಗಿಯನ್ನೇ ಕಟ್ಟಿಕೊಂಡೆ ಎಂದಿದ್ದನಂತೆ, ಅದನ್ನು ಹೆಂಡತಿ ಇವತ್ತಿಗೂ ಎತ್ತಿ ಆಡುತ್ತಾಳೆ ಎಂದ. ಮಗಳು ನಕ್ಕಳು. ನಗುತ್ತಲೇ ಅವಳಿಗೆ ಅಳು ಬಂತು. ಅಳುತ್ತಲೇ ಅವಳೂ ಒಂದು ಹೇಳಿದಳು. ತಾನು ಚಿಕ್ಕವಳಿದ್ದಾಗ ಅವ್ವ ಸಂತೆಯಿಂದ ಬರುವುದನ್ನು ಕಾದು ಬಾಗಿಲಲ್ಲೇ ನಿದ್ದೆ ಹೋಗುತ್ತಿದ್ದಳಂತೆ. ನಿದ್ದೆಯಲ್ಲೇ ಮೂಗಿಗೆ ವಾಸನೆ ತಾಗಿ ಎಚ್ಚರವಾಗುತ್ತಿತ್ತಂತೆ. ಗಂಡನ ಮನೆಯಲ್ಲಿ ಈಗಲೂ ರಸ್ತೆಯಲ್ಲಿ ಯಾವುದಾದರೂ ಹಳೆಯ ಕಾರು ಹೋದರೆ ಕೆಲಸ ಬಿಟ್ಟು ಹೊರಗೆ ಬರುತ್ತೇನೆ ಎಂದಳು.

ಅದು ತನಗೆ ಗೊತ್ತಿರಲಿಲ್ಲ ಎಂದು ಚಾಲಕ ಹೇಳಿದ. ಹೇಗೆ ಗೊತ್ತಾಗಬೇಕು, ಹೇಳಲು ನೀನು ಬಿಟ್ಟರೆ ತಾನೇ ಎಂದು ಮಗಳು ಹೇಳಲಿಲ್ಲ. ಅವನಿಗೇ ಹೊಳೆಯಿತು. ದುಃಖ ತನ್ನೊಬ್ಬನದೆಂದು ಅವನು ತಿಳಿದಿದ್ದ. ತನ್ನದನ್ನು ಮುಚ್ಚುವಾಗ ಮಗಳದನ್ನೂ ಮುಚ್ಚಿದ್ದ.

ಕಾರು ತಣಿಯುವವರೆಗೂ ಅವರು ಅಲ್ಲೇ ಕೂತಿದ್ದರು. ಹಂಪವ್ವನ ಮಾತು ಮುಗಿಯಲಿಲ್ಲ. ಮೇಸ್ತ್ರಿ ಟ್ಯಾಂಕಿನ ಮುಚ್ಚಳ ತೆರೆದು ಒಳಗಿದ್ದ ಆವಿಯನ್ನೆಲ್ಲ ಹೊರಬಿಟ್ಟ. ಹಿಗ್ಗಿದ ರಬ್ಬರನ್ನು ಕತ್ತರಿಸಿ ಹೊಸದನ್ನು ಹಾಕಿ ಕ್ಲಿಪ್ಪು ಬಿಗಿದ. ಪೈಪನ್ನು ಮತ್ತೆ ಇದ್ದಿಲಿನ ಡಬ್ಬಿಗೆ ಸೇರಿಸಿದ. ಡಿಕ್ಕಿಯನ್ನು ಒರೆಸಿ, ಕಿಟಕಿಗಳನ್ನು ಇಳಿಸಿ, ಗಾಳಿಯಾಡಲು ಬಿಟ್ಟ. ಎಲ್ಲ ಒಣಗಿತೆಂದು ಖಚಿತವಾದ ಮೇಲೆ ಎಂಜಿನ್ನು ಚಾಲೂ ಮಾಡಿಸಿದ. ಅವರು ಊರು ಮುಟ್ಟುವವರೆಗೂ ತನ್ನ ಸ್ಕೂಟರಿನಲ್ಲಿ ಹಿಂದೆಯೇ ಬಂದ.

ಕುಬುಸದ ದಿನ ಮನೆ ತುಂಬ ಹೆಂಗಸರು ಬಂದರು. ಸುತ್ತಲಿನ ಹಳ್ಳಿಗಳಿಂದ ಕರೆಯದವರೂ ಬಂದರು. ಬಳೆಗಾರ ಮಗಳ ಕೈ ಹಿಡಿದು ಹಸಿರು ಬಳೆ ಏರಿಸುತ್ತಿದ್ದ. ಹೆಂಗಸರು ಚಾಲಕನ ಮುಖ ನೋಡಿದರು. ಅವನು ಎದ್ದು ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದ. ಆಗ ಒಬ್ಬ ಮುದುಕಿ ಧೈರ್ಯ ಮಾಡಿ ಹಂಪವ್ವನ ಮಾತು ತೆಗೆದಳು. ಒಂದು ಮದುವೆಯಲ್ಲಿ ಹುಡುಗಿಯ ಕೈ ಊದಿಕೊಂಡು ಬಳೆ ಏರದೆ ಎಲ್ಲರೂ ಗಾಬರಿಯಾದಾಗ, ಹಂಪವ್ವ ಸಾಬೂನು ಹಚ್ಚಿ ಏರಿಸಿದ್ದಳು ಎಂದಳು.

"ಸಾಬೂನಲ್ಲ, ಬೆಣ್ಣೆ," ಎಂದು ಬಾಗಿಲಿನಿಂದ ಚಾಲಕ ಹೇಳಿದ. "ಮೂರು ಮನೆ ಕೇಳಿ ನಾನೇ ತಂದುಕೊಟ್ಟೆ."

ಒಳಗೆ ಬಂದು ಕೂತು ಹೇಳು ಎಂದು ಹೆಂಗಸರು ಅವನಿಗೆ ಜಾಗ ಮಾಡಿಕೊಟ್ಟರು. ಅವನು ಕುಳಿತ. ಹೇಳಿದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೈಮುಗಿದು, "ಅರ್ಥವಾಯಿತು, ಗುರುಗಳೇ. ನೆನಪನ್ನು ಮುಚ್ಚಬಾರದು. ಅದಕ್ಕೆ ಒಂದು ದಾರಿ ಮಾಡಿಕೊಡಬೇಕು," ಎಂದ.

ಗುರುಗಳು ಕೇಳಿದರು:

"ನಿನ್ನ ಮನೆಯಲ್ಲಿ ಒಬ್ಬಳಿದ್ದಳಲ್ಲ, ಅವಳ ಹೆಸರೇನು?"